ಸರ್ವರ್ ಬದಲಿಸಬೇಕಾ ಸಾರ್?

ಪ್ರಶ್ನೆ: ನಮ್ಮದು ಕಾಫಿ ವ್ಯಾಪಾರ. ಬಿಲ್ಲಿಂಗ್ ಸರ್ವರ್ ಗೋದಾಮಿನಲ್ಲಿದೆ. ಆಫೀಸಿನಿಂದ ಬಿಲ್ ಹಾಕಿದರೆ ಒಮ್ಮೆ ಥಟ್ಟನೆ ಆಗುತ್ತದೆ, ಇನ್ನೊಮ್ಮೆ ಐದಾರು ಸೆಕೆಂಡು ಮಿಸುಕುವುದೇ ಇಲ್ಲ. ಹೊಸ ಸರ್ವರ್ ತರಬೇಕಾ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೇಡ ಮಾರಾಯ್ರೇ, ದುಡ್ಡು ಇರಲಿ. ಆಫೀಸಿನ ಕಂಪ್ಯೂಟರಿನಿಂದ ರೂಟರ್‌ಗೂ ಸರ್ವರ್‌ಗೂ ಒಟ್ಟಿಗೇ, ನಿಲ್ಲದಂತೆ ಪಿಂಗ್ (ಇನ್ನೊಂದು ಯಂತ್ರವನ್ನು ಕೂಗಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಆಜ್ಞೆ) ಓಡಿಸಿ. ಒಳಗಿನ ತಂತಿ ಜಾಲದಲ್ಲಿ ಉತ್ತರ 1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರಬೇಕು. ಬಿಲ್ ನಿಂತ ಗಳಿಗೆಯಲ್ಲಿ ಎರಡರ ಉತ್ತರದ ಸಮಯವೂ ಏರಿದರೆ ಆಫೀಸಿನ ಕಡೆಯ ವೈಫೈ ಅಥವಾ ಕೇಬಲ್ ನೋಡಿ. ಎರಡೂ ಏರದಿದ್ದರೆ ಡಿಸ್ಕ್ ಇಲ್ಲವೇ ಡೇಟಾಬೇಸ್ ಮೇಲೆ ಅನುಮಾನ.

ಸರ್ವರ್‌ನದು ಮಾತ್ರ ಏರಿತೇ? ನನ್ನ ಗುಮಾನಿ ಇಲ್ಲೇ. ಅದರ ನೆಟ್‌ವರ್ಕ್ ಕಾರ್ಡಿನ ವೇಗ ನೋಡಿ. ಗಿಗಾಬಿಟ್ (1000 ಎಂಬಿಪಿಎಸ್) ಕಾರ್ಡು, ಕೇಬಲ್‌ಗಳು ಬಂದು ಸೇರುವ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ಇದ್ದೂ 100 ಎಂಬಿಪಿಎಸ್ ತೋರಿಸಿದರೆ ಕೇಬಲ್ಲಿನ ನಾಲ್ಕು ಜೋಡಿ ತಂತಿಯಲ್ಲಿ ಯಾವುದೋ ಸರಿಯಾಗಿ ತಾಗುತ್ತಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಪ್ಲಗ್ಗಿನ ಹಿತ್ತಾಳೆ ಬಣ್ಣದ ಹಲ್ಲುಗಳು ಹಸಿರುಗಟ್ಟಿರುತ್ತವೆ. ಒರೆಸುತ್ತಾ ಕೂರಬೇಡಿ, ಕತ್ತರಿಸಿ ಹೊಸದು ಹಾಕಿಸಿ. (ಗೋದಾಮಿನ ಇಲಿಗಳನ್ನೂ ಮರೆಯಬೇಡಿ.)

ಯಾರೋ ಬುದ್ಧಿವಂತರು ಒಂದು ತುದಿಯಲ್ಲಿ ‘100 ಫುಲ್ ಡ್ಯೂಪ್ಲೆಕ್ಸ್’ (ಕಳಿಸುವುದು, ಪಡೆಯುವುದು ಏಕಕಾಲಕ್ಕೆ) ಎಂದು ಬಿಗಿದು, ಇನ್ನೊಂದನ್ನು ತಾನೇ ಹೊಂದಿಸಿಕೊಳ್ಳಲೆಂದು ಆಟೋದಲ್ಲಿ ಬಿಟ್ಟಿದ್ದರೂ ಇದೇ ಗೋಳು. ಆಟೋ ತುದಿ ಹಾಫ್ ಡ್ಯೂಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಇಳಿಯುತ್ತದೆ. ಕೆಲಸ ಕಡಿಮೆಯಿದ್ದಾಗ ಗೊತ್ತೇ ಆಗದು, ಹೊರೆ ಬಿದ್ದಾಗ ತಡವರಿಸುತ್ತದೆ. ಎರಡನ್ನೂ ಆಟೋಗೆ ಹಾಕಿ.

ಆಫೀಸಿಗೂ ಗೋದಾಮಿಗೂ 100 ಮೀಟರ್ ಮೀರಿದ್ದರೆ ತಾಮ್ರದ ಕೇಬಲ್ ಬಿಟ್ಟು ಫೈಬರ್ ಎಳೆಸಿ. ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗು ಸಿಡಿಲಿಗೂ ಅದೇ ಕ್ಷೇಮ.