ಕೈ ನಡುಗುತ್ತದೆ, ಲಿಥಿಯಂ ಬಿಡಿಸಲೇ?

ಪ್ರಶ್ನೆ: ನಮ್ಮ ಮನೆಯವರು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ನಿದ್ದೆಗೆಟ್ಟು ಊರೆಲ್ಲ ತಿರುಗಿ, ಸಾಲ ಮಾಡಿ ಎತ್ತು ಕೊಂಡು ತಂದಿದ್ದರು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಉಬ್ಬುವ, ಒಮ್ಮೆ ಕುಗ್ಗುವ ಕಾಯಿಲೆ) ಎಂದು ಹೇಳಿ ಲಿಥಿಯಂ ಕೊಟ್ಟರು, ಈಗ ನೆಟ್ಟಗಿದ್ದಾರೆ. ಆದರೆ ಇತ್ತೀಚೆಗೆ ಕೈ ನಡುಗಿ ಚಹಾ ಬಸಿಗೆ ಚೆಲ್ಲುತ್ತದೆ. ಸೊಂಟನೋವಿಗೆ ಔಷಧಿ ಅಂಗಡಿಯ ಗುಳಿಗೆ ನುಂಗಿಯೇ ಚೀಲ ಹೊರುತ್ತಾರೆ. ಲಿಥಿಯಂ ಬಿಡಿಸೆಂದು ಅತ್ತೆ ಹಟ ಹಿಡಿದಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಬ್ಯಾಡಗಿ

ಉತ್ತರ: ತಂಗಿ, ನೀವಾಗಿಯೇ ಬಿಡಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಆ ನಿದ್ದೆಗೆಟ್ಟ ದಿನಗಳು ಬೇಗ ಮರಳಬಹುದು. ನಾನು ಇದೇ ಗುಳಿಗೆ ನುಂಗುತ್ತಲೇ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಹಲಗೆಯ ಮೇಲೆ ನನ್ನ ಅಕ್ಷರಗಳೂ ಅಲುಗುತ್ತಿದ್ದವು. ವೈದ್ಯರು ರಕ್ತ ನೋಡಿ ಪ್ರಮಾಣ ತಗ್ಗಿಸಿದ ಮೇಲೆ ಕೈ ನಿಂತಿತು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಗಾಬರಿಗೊಳಿಸಿದ್ದು ಸೊಂಟನೋವಿನ ಗುಳಿಗೆ. ಲಿಥಿಯಂ ಮೂತ್ರಪಿಂಡದ ಮೂಲಕವೇ ಹೊರಗೆ ಹೋಗಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳು ಅದನ್ನು ತಡೆದು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡಿಯದಿದ್ದರೂ ಏರುತ್ತದೆ, ಊಟದ ಉಪ್ಪನ್ನು ಒಮ್ಮೆಗೇ ಬಿಟ್ಟರೂ ಏರುತ್ತದೆ. ನಿಮ್ಮವರಿಗೆ ಮೊದಲೆರಡೂ ಕೂಡಿಬಂದಿರಬಹುದು! ಆ ನೋವಿನ ಗುಳಿಗೆಯನ್ನು ಇಂದೇ ನಿಲ್ಲಿಸಿ, ಸೊಂಟಕ್ಕೆ ಯಾವುದು ಆದೀತು ಎಂದು ವೈದ್ಯರನ್ನೇ ಕೇಳಿ. ಕೆಲಸಕ್ಕೆ ಹೋಗುವಾಗ ನೀರಿನ ಬಾಟಲಿ ಕೊಟ್ಟು ಕಳಿಸಿ.

ರಕ್ತಪರೀಕ್ಷೆಯನ್ನು ಮುಂದೂಡಬೇಡಿ. ರಾತ್ರಿ ಗುಳಿಗೆ ನುಂಗಿ 12 ತಾಸಾದ ಬಳಿಕ ರಕ್ತ ಕೊಡಬೇಕು; ಬೆಳಗಿನ ಗುಳಿಗೆ ಇದ್ದರೆ ಅದು ರಕ್ತ ಕೊಟ್ಟ ಮೇಲೆ. ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು ಎನ್ನುತ್ತಾರೆ. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯನ್ನೂ ಆರು ತಿಂಗಳಿಗೊಮ್ಮೆ ಮಾಡಿಸುತ್ತಾರೆ. ಅವರು ತೂರಾಡಿದರೆ, ನಾಲಿಗೆ ತೊದಲಿದರೆ, ವಾಂತಿಭೇದಿ ಹತ್ತಿದರೆ ಮುಂದಿನ ಲಿಥಿಯಂ ಕೊಡದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥ ಹೊತ್ತಿನಲ್ಲಿ ಬೆಳಗಾಗಲಿ ಎಂದು ಕಾಯಬಾರದು.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ, ಮಗನ ಕೈ ನಡುಗುವುದನ್ನು ಕಂಡ ತಾಯಿ ಅವರು. ಈ ಬಾರಿ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ. ನಿಮ್ಮ ಮಾತಿಗಿಂತ ವೈದ್ಯರ ಮಾತು ಅವರಿಗೆ ಬೇಗ ನಾಟೀತು. ಅಷ್ಟರಲ್ಲಿ ಏನಾದರೂ ಕೇಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೊರಡುವಾಗ ಆ ನೋವಿನ ಗುಳಿಗೆಯ ಹಾಳೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.