ಮೊದಲು ಚಪ್ಪಾಳೆ, ಆಮೇಲೆ ಪ್ರಸ್ತಾರ

ಪ್ರಿಯ ಮೇಡಂ,

ನಿಮ್ಮ ಕಾಗದ ಓದಿ ಸಂತೋಷವಾಯಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗೂ ತಿಳಿಯಲಿ ಅಂತ ಸಾರಾಂಶ ಹೇಳಿಬಿಡುತ್ತೇನೆ. ನೀವು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೀರಿ. ಮಕ್ಕಳಿಗೆ ಕವನ ಬರೆಯಿರಿ ಅಂದರೆ ಅಮ್ಮ, ಗುರು, ಕನ್ನಡಾಂಬೆ ಅಂತ ಎಲ್ಲರೂ ಒಂದೇ ಥರ ಬರೆದು ತರುತ್ತಾರೆ. ಛಂದಸ್ಸು ಕಲಿಯುವುದು ಪರೀಕ್ಷೆಯ ಅಂಕಕ್ಕಷ್ಟೇ. ಮೂರು ಸಾಲಿನ ತ್ರಿಪದಿ, ಆರು ಸಾಲಿನ ಷಟ್ಪದಿ, ವಚನ, ನಾಲ್ಕು ಸಾಲಿನ ಚುಟುಕು ಎಲ್ಲವನ್ನೂ ಅವರ ಕೈಯಲ್ಲೇ ಬರೆಸಬೇಕು ಅನ್ನುವ ಆಸೆ ನಿಮ್ಮದು. ಎಲ್ಲಿಂದ ಶುರು ಮಾಡಲಿ, ನಿಯಮ ಹೇರಿದರೆ ಮಕ್ಕಳ ಕಲ್ಪನೆ ಬತ್ತಿ ಹೋಗುವುದಿಲ್ಲವೇ ಅಂತ ಕೇಳಿದ್ದೀರಿ.

ಎರಡನೇ ಪ್ರಶ್ನೆಗೇ ಮೊದಲು ಬರುತ್ತೇನೆ. ನಮ್ಮ ಮಕ್ಕಳ ಪುಟಕ್ಕೆ ಬರುವ ಕವನಗಳನ್ನು ನಾನೇ ಓದುತ್ತೇನೆ. ಅವುಗಳಲ್ಲಿ ಬಹುಪಾಲು ಯಾವ ನಿಯಮವೂ ಇಲ್ಲದೆ ಬರೆದವು. ಆದರೂ ಎಲ್ಲದರಲ್ಲೂ ಅವೇ ಮಾತು. 'ಅಮ್ಮ ನೀನು ದೇವತೆ', 'ಗುರುವೇ ನಿಮಗೆ ವಂದನೆ'. ಏನು ಬೇಕಾದರೂ ಬರಿ ಅಂತ ಬಿಟ್ಟರೆ ಮಗು ಮೊದಲು ನೆನಪಾದ ಸಾಲನ್ನೇ ಬರೆಯುತ್ತದೆ. ಆ ಸಾಲು ಸಾಮಾನ್ಯವಾಗಿ ಬೇರೆ ಯಾರದೋ ಆಗಿರುತ್ತದೆ. ಲಯದ ಕಟ್ಟು ಇದ್ದಾಗ ಆ ಸಾಲು ಅಲ್ಲಿ ಕೂರುವುದಿಲ್ಲ. ಮಗು ಬೇರೆ ಪದ ಹುಡುಕಲೇಬೇಕು. ಹುಡುಕುವಾಗ ತನ್ನ ಮನೆ, ತನ್ನ ದಾರಿ, ತನ್ನ ಊರಿನ ಮಾತು ಕೈಗೆ ಸಿಗುತ್ತದೆ. ನಿಯಮದಿಂದ ಕಲ್ಪನೆಗೆ ಕೆಲಸ ಸಿಗುತ್ತದೆ ಅಂತ ನಾನು ನಂಬಿದ್ದೇನೆ.

ಇನ್ನು, ಎಲ್ಲಿಂದ ಶುರು? ನಿಮ್ಮ ಜಿಲ್ಲೆಯಿಂದಲೇ ಮಾಡಿ. ಇಂಥ ಅನುಕೂಲ ಎಲ್ಲ ಮೇಷ್ಟ್ರುಗಳಿಗೂ ಇರುವುದಿಲ್ಲ. ತ್ರಿಪದಿಯ ಸರ್ವಜ್ಞ ನಿಮ್ಮ ಕಡೆಯವನೇ. ಷಟ್ಪದಿ, ಸಾಂಗತ್ಯ, ಕೀರ್ತನೆ ಮೂರನ್ನೂ ಬರೆದ ಕನಕದಾಸರು ಬಾಡದವರು. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ತುಂಗಭದ್ರೆಯ ದಂಡೆಯಲ್ಲಿದೆ. ತತ್ವಪದದ ಶರೀಫರು ಶಿಶುನಾಳದವರು. ಕನ್ನಡದ ಇಷ್ಟೊಂದು ಕಾವ್ಯರೂಪಗಳಲ್ಲಿ ಬರೆದವರ ಊರುಗಳು ಒಂದೇ ಜಿಲ್ಲೆಯಲ್ಲಿ, ನಿಮ್ಮ ಮಕ್ಕಳು ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಇವೆ. ಇದನ್ನು ಮೊದಲ ದಿನವೇ ಹೇಳಿ. ಮಕ್ಕಳ ಮುಖ ನೋಡಿ ಆಮೇಲೆ.

ಮೊದಲ ರೂಪ ತ್ರಿಪದಿಯೇ ಇರಲಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು, ಅದರಲ್ಲೇ ತ್ರಿಪದಿಗಳಿವೆ. ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡಿಕೊಂಡು ಬಂದದ್ದೂ ಇದನ್ನೇ. ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದದ್ದು ವಿಷ್ಣುಗಣ ಅಂತ ಶುರು ಮಾಡಬೇಡಿ ದಯವಿಟ್ಟು. ಮನೆಯಲ್ಲಿ ಅಜ್ಜಿಯನ್ನೋ ಪಕ್ಕದ ಮನೆಯ ಆಯಿಯನ್ನೋ ಕೇಳಿ ಒಂದೊಂದು ಪದ ಕಲಿತು ಬರಲು ಹೇಳಿ. ತರಗತಿಯಲ್ಲಿ ಹಾಡಿಸಿ. ಧಾಟಿ ಕಿವಿಯಲ್ಲಿ ಕೂತ ಮೇಲೆ ಬರೆಯಲು ಕೊಡಿ. ನಾನೇ ಕಟ್ಟಿದ ಒಂದು ಮಾದರಿ ಇಲ್ಲಿದೆ:

ಅಜ್ಜಿ ಬೀಸುವ ಕಲ್ಲು ಮೂಲ್ಯಾಗ ಕುಂತೈತಿ
ಸಜ್ಜೀಯ ಕಾಳು ಗಿರಣೀಗೆ ಹೋಗೈತಿ
ಅಜ್ಜೀಯ ಹಾಡು ಎಲ್ಲೈತಿ

ಮೂರನೇ ಸಾಲು ಮುಚ್ಚಿಟ್ಟು ಮೊದಲ ಎರಡನ್ನು ಮಾತ್ರ ಹಲಗೆ ಮೇಲೆ ಬರೆಯಿರಿ. ಉಳಿದದ್ದು ಮಕ್ಕಳು ಬರೆಯಲಿ. ಕೊನೆಯ ಸಾಲು ಗಿಡ್ಡ. ಮೇಲಿನ ಎರಡರಲ್ಲಿ ಹೇಳಿದ್ದನ್ನೇ ಮತ್ತೆ ಹೇಳಲು ಅಲ್ಲಿ ಜಾಗವಿಲ್ಲ, ಹೊಸದೊಂದನ್ನು ಹೇಳಲೇಬೇಕು. ಆ ಇಕ್ಕಟ್ಟಿನಲ್ಲೇ ಮಗುವಿಗೆ ಕವಿತೆ ಅಂದರೇನು ಅಂತ ಗೊತ್ತಾಗುವುದು. 'ಕುಂತೈತಿ' ಅಂತ ಬರೆದರೆ 'ಕುಳಿತಿದೆ' ಅಂತ ತಿದ್ದಬೇಡಿ. ನಿಮ್ಮ ಭಾಗದ ಮಾತಿನಲ್ಲಿ ತ್ರಿಪದಿ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಅದನ್ನು ಪುಸ್ತಕದ ಕನ್ನಡಕ್ಕೆ ಎಳೆಯುವುದು ಅನ್ಯಾಯ.

ಆಮೇಲೆ ಭಾಮಿನಿ ಷಟ್ಪದಿ. ಇದು ಕಷ್ಟ ಅನ್ನುವ ಹೆದರಿಕೆ ನಿಮ್ಮ ಕಾಗದದಲ್ಲಿ ಕಾಣಿಸಿತು. ಪಕ್ಕದ ಗದುಗಿನ ನಾರಣಪ್ಪ, ಅಂದರೆ ಕುಮಾರವ್ಯಾಸ, ಮಹಾಭಾರತದ ಹತ್ತು ಪರ್ವಗಳನ್ನು ಇದರಲ್ಲೇ ಹಾಡಿದ. ರಾಗಿಯೂ ಭತ್ತವೂ ಜಗಳ ಆಡುವ ಕನಕದಾಸರ ಕಾವ್ಯವೂ ಭಾಮಿನಿಯಲ್ಲೇ ಇದೆ. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ಇಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಬಾಯಲ್ಲಿ 'ತಕಿಟ ತಕಧಿಮಿ' ಅನ್ನಿಸಿ, ಚಪ್ಪಾಳೆ ತಟ್ಟಿಸಿ. ಮಕ್ಕಳು ಅದೇ ತಾಳದಲ್ಲಿ ಸುಮ್ನೆ ಮಾತಾಡಲಿ. ಮಳೆಗಾಲದಲ್ಲಿ ಶಾಲೆಗೆ ಬಂದದ್ದನ್ನೇ ಹೇಳಲಿ:

ಬಸ್ಸು ಇಂದೂ ಬರದೆ ಹೋಯಿತು
ನಡೆದು ಹೊರಟೆವು ಕೆಸರು ದಾರಿಲಿ
ಮಳೆಯ ನೀರಲಿ ಚೀಲ ನೆನೆಯಿತು ಒಳಗೆ ರೊಟ್ಟಿಗಳೂ

ಎಣಿಸಿ ನೋಡಿ. 'ಬಸ್ಸು' ಅನ್ನುವಲ್ಲಿ ಒತ್ತಕ್ಷರದ ಹಿಂದಿನ 'ಬ' ಗುರು, ಎರಡು ಮಾತ್ರೆ. 'ಸ್ಸು' ಒಂದು. ಒಟ್ಟು ಮೂರು. 'ಇಂದೂ' ಎರಡೂ ಗುರು, ನಾಲ್ಕು. 'ಬರದೆ' ಮೂರು, 'ಹೋಯಿತು' ನಾಲ್ಕು. ಸಾಲಿಗೆ ಹದಿನಾಲ್ಕು. ಮೂರನೇ ಸಾಲಿನಲ್ಲಿ ಅದೇ ಜೋಡಿ ಮೂರು ಸಲ ಬಂದು, ಕೊನೆಗೆ 'ಳೂ' ಅನ್ನುವ ಒಂದು ಗುರು. ಇಪ್ಪತ್ತಮೂರು. ಅರ್ಧ ಷಟ್ಪದಿ ಮುಗಿಯಿತು! ಉಳಿದರ್ಧವೂ ಇದೇ ಅಳತೆ.

ಇದೇ ಮಳೆಯ ಬಗ್ಗೆ ಬರಿ ಅಂದಾಗ ಮಗು ಮೊದಲು ಬರೆಯುವುದು 'ತುಂಬಾ ಬೇಜಾರಾಯಿತು' ಅಂತಲೇ. 'ತುಂಬಾ' ನಾಲ್ಕು ಮಾತ್ರೆ, 'ಬೇಜಾರಾಯಿತು' ಎಂಟು. ಚಪ್ಪಾಳೆಗೆ ಸಿಗುವುದಿಲ್ಲ. ಆಗ ಬೇಜಾರು ಬಿಟ್ಟು ಏನೇನು ನೆನೆಯಿತು ಅಂತ ಯೋಚಿಸಬೇಕಾಗುತ್ತದೆ. ಚೀಲ, ರೊಟ್ಟಿ ಬರುವುದು ಆಗಲೇ. ಓದುವವನಿಗೆ ಬೇಜಾರು ತಾನಾಗಿ ಗೊತ್ತಾಗುತ್ತದೆ, ಅಲ್ವಾ?

ಪ್ರಸ್ತಾರ ಹಾಕಿ (ಅಂದರೆ ಅಕ್ಷರಗಳ ಮೇಲೆ ಗುರು-ಲಘು ಗುರುತು ಹಾಕಿ), ಗಣ ವಿಭಾಗ ಮಾಡಿ, ಛಂದಸ್ಸಿನ ಹೆಸರು ಬರೆಯಿರಿ ಅನ್ನುವ ಪರೀಕ್ಷೆಯ ಪ್ರಶ್ನೆ ಇದ್ದೇ ಇದೆ. ಅದಕ್ಕೆ ಮಕ್ಕಳು ತಾವೇ ಬರೆದ ಸಾಲುಗಳನ್ನು ಕೊಡಿ. ಬೇರೆಯವರ ಪದ್ಯದಲ್ಲಿ ಗುರು-ಲಘು ಹಾಕುವುದು ಬೇಸರದ ಕೆಲಸ. ತನ್ನ ಸಾಲು ಎಲ್ಲಿ ಎಡವಿತು ಅಂತ ಪತ್ತೆ ಮಾಡುವಾಗ ಅದೇ ಕೆಲಸದಲ್ಲಿ ಮಗು ಮುಳುಗಿಬಿಡುತ್ತದೆ. ಭಾಮಿನಿ ಹಿಡಿತಕ್ಕೆ ಬಂದ ಮಕ್ಕಳು ಐದು ಮಾತ್ರೆಯ ನಡೆಯ ಕುಸುಮ ಷಟ್ಪದಿಗೋ ವಾರ್ಧಕ ಷಟ್ಪದಿಗೋ ಹೋಗಲಿ.

ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರುವುದು, ಬೇಕೇ? ಮೇಲಿನ ಷಟ್ಪದಿಯಲ್ಲಿ ನಾನು ಬೇಕೆಂದೇ ಬಿಟ್ಟಿದ್ದೇನೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಅದನ್ನು ಬಿಟ್ಟು ಬರೆದವರು. ಹೈಸ್ಕೂಲಿನ ಮಕ್ಕಳಿಗೆ ಅದನ್ನು ಕಡ್ಡಾಯ ಮಾಡುವುದು ಬೇಡ. ತ್ರಿಪದಿಯಲ್ಲಿ ಮಾತ್ರ ಪ್ರಯತ್ನಿಸಲಿ, ಅಜ್ಜಿ-ಸಜ್ಜೆ ಥರ ತಾನಾಗಿ ಬಂದರೆ ಖುಷಿ ಜಾಸ್ತಿ.

ಚುಟುಕನ್ನು ಸ್ವಲ್ಪ ತಡವಾಗಿ ಕೊಡಿ. ದಿನಕರ ದೇಸಾಯಿಯವರ ನಾಲ್ಕು ಸಾಲಿನಲ್ಲಿ ಬಡವನ ಪರವಾದ ಸಿಟ್ಟು ಇರುತ್ತಿತ್ತು. ಮಕ್ಕಳ ಕೈಯಲ್ಲಿ ಅದು ಬರೀ ಅಂತ್ಯಪ್ರಾಸ ಆಗಿಬಿಡುವ ಅಪಾಯವಿದೆ. ಜಪಾನಿನ ಮೂರು ಸಾಲಿನ ಹಾಯ್ಕು ಒಂದು ದಿನದ ಆಟಕ್ಕೆ ಚೆನ್ನ. ಸುನೀತದ (ಸಾನೆಟ್) ಹದಿನಾಲ್ಕು ಸಾಲು ಪಿಯುಸಿಗೆ ಇರಲಿ.

ವಚನವನ್ನು ಕೊನೆಗೆ ಇಡಿ. ಅನೇಕರು ಇದನ್ನೇ ಮೊದಲು ಬರೆಸುತ್ತಾರೆ, ಪ್ರಾಸ ಇಲ್ಲ, ಮಾತ್ರೆ ಇಲ್ಲ, ಸುಲಭ ಅಂತ. ನನಗೆ ಒಪ್ಪಿಗೆಯಿಲ್ಲ. ಆಸರೆಗೆ ಯಾವ ಕಟ್ಟೂ ಇಲ್ಲದೆ ಬರೀ ಮಾತಿನ ಬಲದಿಂದ ನಿಲ್ಲಬೇಕಾದ ರೂಪ ಅದು. ಬರೆಸುವಾಗ ದೊಡ್ಡ ದೊಡ್ಡ ನೀತಿ ಮಾತು ಕೇಳಬೇಡಿ. 12ನೇ ಶತಮಾನದ ಶರಣರು ತಮ್ಮ ಕಾಯಕದ ಮಾತಿನಲ್ಲೇ ಮಾತಾಡಿದರು. ಅಂಬಿಗನಿಗೆ ದೋಣಿ, ಹೊಳೆ. ನಿಮ್ಮ ತರಗತಿಯಲ್ಲಿ ಟೈಲರ್ ಮಗಳಿರಬಹುದು, ಪಂಕ್ಚರ್ ಅಂಗಡಿಯವರ ಮಗನಿರಬಹುದು, ಬ್ಯಾಡಗಿ ಮೆಣಸಿನಕಾಯಿ ಬಿಡಿಸಲು ಹೋಗುವ ತಾಯಿಯ ಮಗು ಇರಬಹುದು. ಆ ಕೆಲಸದಲ್ಲಿ ಬಳಸುವ ಹತ್ತು ಪದ ಬರೆದುಕೊಂಡು ಬರಲಿ. ಅವುಗಳಲ್ಲೇ ಯಾರಿಗಾದರೂ ನೇರವಾಗಿ ಒಂದು ಮಾತು ಹೇಳಲಿ. ಅಂಕಿತ, ಅಂದರೆ ವಚನದ ಕೊನೆಯಲ್ಲಿ ಬರುವ ಹೆಸರು, ಅವರೇ ಆರಿಸಿಕೊಳ್ಳಲಿ. ಊರ ದೇವರ ಹೆಸರೇ ಆಗಬೇಕೆಂದಿಲ್ಲ, ಕೆರೆಯ ಹೆಸರಾದರೂ ಆಯಿತು.

ಅಂಕ ಮಾತ್ರ ಹಾಕಬೇಡಿ ಮೇಡಂ. ಕೆಂಪು ಪೆನ್ನೂ ಬೇಡ. ಬರೆದವರು ಎದ್ದು ನಿಂತು ಓದಲಿ, ಉಳಿದವರು ಚಪ್ಪಾಳೆಯಲ್ಲಿ ತಾಳ ಹಿಡಿಯಲಿ. ಎಲ್ಲಿ ತಪ್ಪಿತು ಅಂತ ಅವರೇ ಹೇಳುತ್ತಾರೆ.

ಆ ಅರ್ಧ ಷಟ್ಪದಿಯ ಉಳಿದ ಮೂರು ಸಾಲನ್ನು ನಿಮ್ಮ ಮಕ್ಕಳು ಬರೆದರೆ ನಮಗೆ ಕಳಿಸಿ. ನೀವು ತಿದ್ದದೆ ಕಳಿಸಿ. ಜೊತೆಗೆ ಅಜ್ಜಿಯರಿಂದ ಕೇಳಿ ತಂದ ಪದಗಳನ್ನೂ, ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರಿನೊಂದಿಗೆ ಕಳಿಸಿ. ಮಕ್ಕಳ ಪುಟದಲ್ಲಿ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕುತ್ತೇವೆ.

ನಿಮ್ಮ,
ಸಂಪಾದಕ