ಮುಳ್ಳು ಚುಚ್ಚಿದ್ದು ಅಂಗಾಲಿಗೆ, ಗಡ್ಡೆ ಎದ್ದಿದ್ದು ತೊಡೆಸಂದಿನಲ್ಲಿ

ಕೊಪ್ಪಳ ಜಿಲ್ಲೆಯಿಂದ ಒಬ್ಬ ತಾಯಿ ಬರೆದಿದ್ದಾರೆ. ಅವರ ಒಂಬತ್ತು ವರ್ಷದ ಮಗನ ಬಲ ಅಂಗಾಲಿಗೆ ಹೊಲದಲ್ಲಿ ಜಾಲಿಮುಳ್ಳು ಚುಚ್ಚಿತಂತೆ. ಪಿನ್ನಿನಿಂದ ಮುಳ್ಳು ತೆಗೆದರು. ಮೂರನೇ ದಿನ ತೊಡೆಸಂದಿನಲ್ಲಿ ಹುಣಸೆಬೀಜದಷ್ಟು ಗಡ್ಡೆ ಎದ್ದಿತು. ಮುಟ್ಟಿದರೆ ಅಳುತ್ತಾನೆ. "ನಂಜು ಮೇಲೇರಿದೆ, ಎಣ್ಣೆ ಹಚ್ಚಿ ತಿಕ್ಕಿ ಕರಗಿಸಿ, ಬದನೆಕಾಯಿ, ಮೊಟ್ಟೆ ಕೊಡಬೇಡಿ" ಎಂದು ಅಕ್ಕಪಕ್ಕದವರು ಹೇಳಿದ್ದಾರೆ. "ಕಾಲಿನ ಗಾಯಕ್ಕೆ ಅಲ್ಲಿ ಯಾಕೆ ಗಡ್ಡೆ ಬಂತು? ಇವನಿಗೆ ರೋಗನಿರೋಧಕ ಶಕ್ತಿ ಕಡಿಮೆ ಇದೆಯಾ?" ಇದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಅಮ್ಮ, ನಿಮ್ಮ ಪತ್ರ ಕೈಸೇರಿದ ದಿನವೇ ಫೋನ್ ಮಾಡಿ, ಗಡ್ಡೆ ತಿಕ್ಕಬೇಡಿ, ಡಾಕ್ಟರಿಗೆ ಪಾದ ತೋರಿಸಿ ಎಂದಿದ್ದೆ. ತೋರಿಸಿದಿರಿ. ಮುಳ್ಳಿನ ಮುರಿದ ತುದಿ ಒಳಗೇ ಉಳಿದಿತ್ತು, ತೆಗೆದರು, ಹುಡುಗ ಈಗ ಓಡಾಡುತ್ತಿದ್ದಾನೆ ಎಂದು ಕೇಳಿ ನಿರಾಳವಾಯಿತು. ಆದರೆ ನಿಮ್ಮ ಪ್ರಶ್ನೆ ಬಹಳ ಮನೆಗಳ ಪ್ರಶ್ನೆ. ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದರೆ ಒಳಗೆ ತಿಳಿನೀರು ತುಂಬಿರುತ್ತದೆ, ನೋಡಿದ್ದೀರಿ ಅಲ್ವಾ? ಅಂಥ ನೀರು ಮೈಯ ಎಲ್ಲ ಕಡೆ ಇದೆ. ಸಣ್ಣ ರಕ್ತನಾಳಗಳಿಂದ ಅದು ಸದಾ ಜಿನುಗುತ್ತದೆ, ಹೆಚ್ಚಿನದು ಮರಳಿ ರಕ್ತಕ್ಕೆ ಸೇರುತ್ತದೆ. ದಿನಕ್ಕೆ ಸುಮಾರು 3 ಲೀಟರ್ ಹೊರಗೇ ಉಳಿಯುತ್ತದೆ. ಅದನ್ನು ಹಿಡಿದು ಸಾಗಿಸಲು ಕೂದಲಿಗಿಂತ ತೆಳುವಾಗಿ ಶುರುವಾಗುವ ಬೇರೆಯೇ ನಾಳಗಳಿವೆ. ಆ ನೀರೇ ದುಗ್ಧರಸ. ದುಗ್ಧ ಅಂದರೆ ಹಾಲು. ಕೊಬ್ಬಿನ ಊಟ ಮಾಡಿದ ಮೇಲೆ ಕರುಳಿನಿಂದ ಹೊರಡುವ ದುಗ್ಧರಸ ನಿಜಕ್ಕೂ ಹಾಲಿನಂತೆ ಬೆಳ್ಳಗಿರುತ್ತದೆ. 1622ರಲ್ಲಿ ಇಟಲಿಯ ಗ್ಯಾಸ್ಪರೆ ಅಸೆಲ್ಲಿ ಎಂಬ ವೈದ್ಯ ಆಗಷ್ಟೇ ತಿಂದಿದ್ದ ನಾಯಿಯ ಹೊಟ್ಟೆಯಲ್ಲಿ ಬಿಳಿ ದಾರಗಳಂತೆ ಕಂಡದ್ದು ಇದೇ ನಾಳಗಳನ್ನು.

ಈ ನೀರನ್ನು ತಳ್ಳಲು ಹೃದಯದಂಥ ಪಂಪು ಇಲ್ಲ. ನಾಳಗಳು ತಾವೇ ಹಿಂಡಿಕೊಳ್ಳುತ್ತವೆ. ನಾವು ನಡೆದಾಗ, ಉಸಿರಾಡಿದಾಗ ಇನ್ನಷ್ಟು ಮೇಲೇರುತ್ತದೆ. ಹಿಂದಕ್ಕೆ ಬೀಳದಂತೆ ಒಳಗೆ ಕವಾಟಗಳಿವೆ. ಕಾಲಿನಿಂದ ಹೊರಟದ್ದು ಕೊನೆಗೆ ಕುತ್ತಿಗೆಯ ಬುಡದ ಎಡಭಾಗದಲ್ಲಿ ರಕ್ತಕ್ಕೆ ಸೇರುತ್ತದೆ. ಆದರೆ ಅದಕ್ಕೂ ಮೊದಲು ತಪಾಸಣೆ ಆಗಬೇಕು. ಆ ತಪಾಸಣೆಯ ಜಾಗಗಳೇ ದುಗ್ಧಗ್ರಂಥಿಗಳು. ಮೈಯಲ್ಲಿ 600ರ ಆಸುಪಾಸು ಇವೆ. ಪಾದದ ನೀರು ತೊಡೆಸಂದಿನ ಗ್ರಂಥಿಗೆ, ಕೈಯದು ಕಂಕುಳಿಗೆ, ಗಂಟಲಿನದು ಕುತ್ತಿಗೆಗೆ. ನನ್ನ ಅಜ್ಜಿಗೆ ಇದು ಕೈಯಿಂದಲೇ ಗೊತ್ತಿತ್ತು. ನಾವು ಕುಂಟುತ್ತಾ ಬಂದರೆ ಗಾಯ ನೋಡುವ ಮೊದಲೇ ತೊಡೆಸಂದು ಒತ್ತಿ "ಇಲ್ಲಿಗೆ ಬಂದಿದೆ" ಅನ್ನುತ್ತಿದ್ದರು.

ಮುಳ್ಳು ಚುಚ್ಚಿದ ಜಾಗದಲ್ಲಿ ಮೊದಲು ಏನಾಗುತ್ತದೆ ಎಂಬುದನ್ನು ಕಂಡವರೂ ಮುಳ್ಳಿನಿಂದಲೇ ಕಂಡರು. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿದ್ದ ರಷ್ಯಾದ ವಿಜ್ಞಾನಿ ಎಲಿ ಮೆಚ್ನಿಕಾಫ್, ಗಾಜಿನಂತೆ ಪಾರದರ್ಶಕವಾಗಿದ್ದ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ಈ ಕೆಲಸಕ್ಕೆ 1908ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮ ಮಗನ ಪಾದ ಕೆಂಪಾಗಿ, ಬಿಸಿಯಾಗಿ ಊದಿದ್ದು ಇಂಥದ್ದೇ ಕೋಶಗಳು ಬಂದು ಸೇರಿದ್ದರಿಂದ.

ಅಲ್ಲಿರುವ ಕೋಶಗಳಲ್ಲಿ ಒಂದು ಬಗೆ ಅಲ್ಲೇ ನಿಲ್ಲುವುದಿಲ್ಲ. ಡೆಂಡ್ರಿಟಿಕ್ ಕೋಶ ಎಂದು ಹೆಸರು. ಕ್ರಿಮಿಯ ಒಂದು ತುಣುಕನ್ನು ಮೈಮೇಲೆ ಹೊತ್ತು, ದುಗ್ಧರಸದ ಜೊತೆ ಗ್ರಂಥಿಗೆ ಹೋಗುತ್ತದೆ. ಯಾಕೆ? ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶ ಎಂಬ ಬಗೆ ಇದೆ. ಮೈಯಲ್ಲಿರುವ ಈ ಟಿ ಕೋಶಗಳು ಒಂದೊಂದೂ ಒಂದೊಂದು ಗುರುತನ್ನು ಮಾತ್ರ ಹಿಡಿಯಬಲ್ಲವು. ಈ ಕ್ರಿಮಿಯನ್ನು ಹಿಡಿಯುವಂಥದ್ದು ಲಕ್ಷಕ್ಕೆ ಒಂದು ಸಿಕ್ಕರೆ ಹೆಚ್ಚು. ಊರೂರು ಅಲೆದು ಹುಡುಕುವುದಕ್ಕಿಂತ ಸಂತೆಯಲ್ಲಿ ನಿಂತರೆ ಎಲ್ಲರೂ ಸಿಗುತ್ತಾರೆ. ಗ್ರಂಥಿ ಅಂಥ ಸಂತೆ. ಟಿ ಕೋಶಗಳು ಅಲ್ಲಿಗೆ ಬಂದು, ಸುಮಾರು ಒಂದು ದಿನ ತಡಕಾಡಿ, ಮುಂದಿನ ಗ್ರಂಥಿಗೆ ಹೋಗುತ್ತವೆ. ಕ್ರಿಮಿಯ ಸುದ್ದಿ ಬಂದ ಕೂಡಲೇ ಹೊರಗೆ ಹೋಗುವ ಬಾಗಿಲು ಸ್ವಲ್ಪ ಹೊತ್ತು ಮುಚ್ಚುತ್ತದೆ, ಒಳಗೆ ಬರುವವು ಜಾಸ್ತಿಯಾಗುತ್ತವೆ. ಗುರುತು ಹಿಡಿದ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಸಾವಿರಾರು ಆಗುತ್ತದೆ. ಜಾಗ ಸಾಲದೆ ಗ್ರಂಥಿ ಊದುತ್ತದೆ, ನೋಯುತ್ತದೆ. ನೀವು ಬೆರಳಿನಿಂದ ಮುಟ್ಟಿದ ಹುಣಸೆಬೀಜ ಅದೇ.

ಕ್ರಿಮಿಯ ತುಣುಕು ಹೊತ್ತು ತರುವ ಆ ಡೆಂಡ್ರಿಟಿಕ್ ಕೋಶವನ್ನು 1973ರಲ್ಲಿ ಗುರುತಿಸಿದವರು ವಿಜ್ಞಾನಿ ರಾಲ್ಫ್ ಸ್ಟೈನ್ಮನ್. ಅವರಿಗೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಬಂದಾಗ, ಇದೇ ಕೋಶಗಳನ್ನು ಬಳಸಿದ ಚಿಕಿತ್ಸೆಯನ್ನು ತಮ್ಮ ಮೇಲೇ ಮಾಡಿಸಿಕೊಂಡರು. 2011ರಲ್ಲಿ ನೊಬೆಲ್ ಘೋಷಣೆಗೆ ಮೂರು ದಿನ ಮೊದಲು ತೀರಿಕೊಂಡರು. ಸಮಿತಿಗೆ ಅದು ತಿಳಿದಿರಲಿಲ್ಲ. ಆದರೂ ಪ್ರಶಸ್ತಿ ಅವರಿಗೇ ಉಳಿಯಿತು. ಅದನ್ನು ಓದಿದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಈಗ ಹೇಳಿ, ನಿಮ್ಮ ಮಗನಿಗೆ ಶಕ್ತಿ ಕಡಿಮೆ ಇದೆಯಾ? ಇಲ್ಲ. ಆ ಗಡ್ಡೆಯೇ ಅವನ ಮೈ ಕೆಲಸ ಮಾಡುತ್ತಿರುವುದರ ಗುರುತು. ಮಕ್ಕಳಲ್ಲಿ ಇವು ದೊಡ್ಡವರಿಗಿಂತ ಬೇಗ ಕೈಗೆ ಸಿಗುತ್ತವೆ. ತಿಕ್ಕಿದರೆ ನೋವು ಜಾಸ್ತಿ, ಲಾಭ ಏನೂ ಇಲ್ಲ. ಗಾಯ ಮಾಗಿದ ಮೇಲೆ ತಾನೇ ಇಳಿಯುತ್ತದೆ, ಕೆಲವು ವಾರ ಹಿಡಿಯಬಹುದು. ಮೊಟ್ಟೆ, ಬೇಳೆ ಧಾರಾಳವಾಗಿ ಕೊಡಿ. ಇಷ್ಟು ಕೋಶಗಳು ಹುಟ್ಟಬೇಕಾದರೆ ಪ್ರೋಟೀನ್ ಬೇಕು. ಬದನೆಕಾಯಿಯೂ ತಿನ್ನಲಿ.

ಆದರೆ ಎಲ್ಲ ಗಡ್ಡೆಯನ್ನೂ ಸುಮ್ನೆ ಬಿಡಬಾರದು. ನನ್ನ ತಂಗಿಯ ಕುತ್ತಿಗೆಯಲ್ಲಿ ಗಡ್ಡೆ ಎದ್ದಾಗ ನೋವಿಲ್ಲ ಎಂದು ಮನೆಯಲ್ಲಿ ಎಲ್ಲರೂ ಸುಮ್ಮನಿದ್ದೆವು. ನಾಲ್ಕು ತಿಂಗಳಾದ ಮೇಲೆ ಸೂಜಿ ಪರೀಕ್ಷೆ ಮಾಡಿಸಿದೆವು. ಕ್ಷಯ. ಆರು ತಿಂಗಳ ಮಾತ್ರೆಯಲ್ಲಿ ಪೂರ್ತಿ ಗುಣವಾದಳು. ಮೊದಲೇ ತೋರಿಸಬೇಕಿತ್ತು ಎಂಬ ನೋವು ನನಗೆ ಇನ್ನೂ ಇದೆ. ನೋವಿಲ್ಲದೆ ಗಟ್ಟಿಯಾಗಿ ಬೆಳೆಯುವ ಗಡ್ಡೆ, ಮೂರು ನಾಲ್ಕು ವಾರವಾದರೂ ಇಳಿಯದ್ದು, ಕೊರಳೆಲುಬಿನ ಮೇಲೆ ಎದ್ದದ್ದು, ಜೊತೆಗೆ ತೂಕ ಇಳಿಯುವುದು, ರಾತ್ರಿ ಬೆವರು, ಬಿಡದ ಜ್ವರ, ಇವಕ್ಕೆಲ್ಲ ಡಾಕ್ಟರೇ ಬೇಕು. ಗಾಯದಿಂದ ಕೆಂಪು ಗೆರೆ ಮೇಲೇರುತ್ತಾ ಜ್ವರ ಬಂದರೆ ಅದೇ ದಿನ ಹೋಗಿ. ಹಿರಿಯರು ನಂಜು ಏರಿದೆ ಎನ್ನುತ್ತಿದ್ದದ್ದು ಅಲ್ಲಿ ಅಕ್ಷರಶಃ ನಿಜ.

ನಿಮ್ಮ ಪಕ್ಕದ ರಾಯಚೂರು, ಆಚೆ ಕಲಬುರಗಿಯಲ್ಲಿ ಆನೆಕಾಲು ರೋಗ ಇದೆ. ಸೊಳ್ಳೆ ಕಚ್ಚಿ ಒಳಬಂದ ಹುಳು ವರ್ಷಗಟ್ಟಲೆ ಇದೇ ದುಗ್ಧನಾಳಗಳಲ್ಲಿ ಬದುಕಿ ಅವನ್ನು ಕೆಡಿಸುತ್ತದೆ. ನೀರು ಮೇಲೇರುವುದಿಲ್ಲ, ಕಾಲು ಊದುತ್ತದೆ. ಆ ಕಡೆ ನಿಮ್ಮ ನೆಂಟರಿದ್ದರೆ ಹೇಳಿ: ಆರೋಗ್ಯ ಇಲಾಖೆಯವರು ಮಾತ್ರೆ ತಂದಾಗ, ನಮಗೇನೂ ಆಗಿಲ್ಲ ಎಂದು ಹಿಂದೆ ಕಳಿಸಬೇಡಿ. ಕಾಲು ಊದುವ ಮೊದಲೇ ನುಂಗಬೇಕಾದ ಮಾತ್ರೆ ಅದು.

ಕೊನೆಯದಾಗಿ ಮುಳ್ಳಿನದೇ ಇನ್ನೊಂದು ಮಾತು. ಧನುರ್ವಾಯು ಬಂದು ಬದುಕಿದರೂ ಮೈ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಅದರ ವಿಷ ಎಷ್ಟು ಕಡಿಮೆ ಪ್ರಮಾಣದಲ್ಲೇ ಆಳನ್ನು ಬೀಳಿಸುತ್ತದೆ ಎಂದರೆ, ಮೈಗೆ ಗುರುತು ಹಿಡಿಯಲು ಅಷ್ಟು ಸಾಲದು. ನೆನಪು ಬರುವುದು ಲಸಿಕೆಯಿಂದ ಮಾತ್ರ. ತಾಯಿ ಕಾರ್ಡ್ ತೆಗೆದು ಐದು ವರ್ಷದ ಡಿಪಿಟಿ (ಧನುರ್ವಾಯು ಸೇರಿ ಮೂರು ರೋಗ ತಡೆಯುವ ಲಸಿಕೆ) ಆಗಿದೆಯಾ ನೋಡಿ. ಮಗನಿಗೆ ಹತ್ತು ತುಂಬಿದಾಗ ಧನುರ್ವಾಯು ತಡೆಯುವ ಟಿಡಿ ಲಸಿಕೆ ಇದೆ, ಮತ್ತೆ 16ಕ್ಕೆ. ಆ ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ.